ಕಡಲ ಸ್ಪಂಜಿನಿಂದ ಆಸ್ಪತ್ರೆಯ ಡ್ರಿಪ್‌ವರೆಗೆ: ನಡುವಿನ ದಾರಿ ಎಷ್ಟು ಉದ್ದ?

ಈ ವಾರದ ಮಾತನ್ನು ಓದುವವರಿಗಾಗಿ ಇಲ್ಲಿ ಬರೆದು ಹಾಕಿದ್ದೇನೆ. ವಿಡಿಯೊದಲ್ಲಿ ಅವಸರದಲ್ಲಿ ಹೇಳಿ ಮುಗಿಸಿದ ಕೆಲವು ಸಂಗತಿಗಳನ್ನು ಸ್ವಲ್ಪ ಬಿಡಿಸಿಯೂ ಹೇಳಿದ್ದೇನೆ. ಆಫೀಸಿಗೆ ಹೋಗುವಾಗ ಮೆಟ್ರೊದಲ್ಲಿ ಕೂತು ಓದೋಕೆ ಇದೇ ಅನುಕೂಲ ಅಂತ ನಿಮ್ಮಲ್ಲಿ ಹಲವರು ಹೇಳ್ತೀರಿ.

ಸುಮಾರು ದಿನಗಳಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರ್ತಾ ಇದೆ. "ಸಮುದ್ರದ ಸ್ಪಂಜಿನಲ್ಲಿ ಕ್ಯಾನ್ಸರ್‌ಗೆ ಮದ್ದು ಸಿಕ್ಕಿದೆಯಂತೆ, ನಿಜವಾ?" ವಾಟ್ಸಾಪ್‌ನಲ್ಲಿ ಓಡಾಡುವ ಸುದ್ದಿ ಅದು. ಊರಿನ ಫ್ಯಾಮಿಲಿ ಗ್ರೂಪಿನಿಂದ ನಿಮಗೆ ಬರುತ್ತೆ, ನಿಮ್ಮಿಂದ ನನಗೆ ಬರುತ್ತೆ. ನನ್ನ ಉತ್ತರ ಚಿಕ್ಕದು: ಹೌದು, ಸಿಕ್ಕಿದೆ. ಆದರೆ ಈಗಲ್ಲ, ಅರ್ಧ ಶತಮಾನಕ್ಕೂ ಹಿಂದೆ. ರಕ್ತದ ಕ್ಯಾನ್ಸರ್ ವಾರ್ಡುಗಳಲ್ಲಿ ದಿನನಿತ್ಯ ಡ್ರಿಪ್‌ನಲ್ಲಿ ಇಳಿಯುವ ಒಂದು ಔಷಧಿಯ ಮೂಲ ಒಂದು ಸ್ಪಂಜು. ಅದಾದ ಮೇಲೆ ಸಾವಿರಾರು ಸ್ಪಂಜುಗಳನ್ನು ತಂದು, ಅರೆದು, ಸೋಸಿ ನೋಡಿದ್ದಾರೆ. ಆಸ್ಪತ್ರೆ ತಲುಪಿದ ಔಷಧಿಗಳನ್ನು ಮಾತ್ರ ಬೆರಳಲ್ಲಿ ಎಣಿಸಬಹುದು.

ಯಾಕೆ ಹೀಗೆ? ಸಿಕ್ಕಿದ್ದು ಅಷ್ಟು, ತಲುಪಿದ್ದು ಇಷ್ಟೇ ಯಾಕೆ? ಇವತ್ತಿನ ಮಾತು ಆ ನಡುವಿನ ದಾರಿಯ ಬಗ್ಗೆ. ನಾನಿರುವ ಫರೀದಾಬಾದಿಗೂ ಅದಕ್ಕೂ ಒಂದು ಸಂಬಂಧ ಇದೆ. ಸಮುದ್ರವೇ ಇಲ್ಲದ ಊರಿಗೆ ಏನು ಸಂಬಂಧ ಅನ್ನಬೇಡಿ, ಅಲ್ಲಿಗೆ ಬರ್ತೀನಿ.

ಸ್ಪಂಜು ಅಂದರೆ ಯಾವ ಸ್ಪಂಜು?

ಸ್ಪಂಜು ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಪಾತ್ರೆ ತಿಕ್ಕುವ ಹಳದಿ ಚೌಕ. ಅದು ಫ್ಯಾಕ್ಟರಿಯ ಪ್ಲಾಸ್ಟಿಕ್. ಇನ್ನೊಂದು, ಒಣಗಿದ ಹೀರೇಕಾಯಿಯ ನಾರು, ಮೈ ಉಜ್ಜೋಕೆ ಬಳಸ್ತಿದ್ದದ್ದು. ಅದು ತರಕಾರಿ. ನಾವು ಮಾತಾಡ್ತಿರೋ ಸ್ಪಂಜು ಇವೆರಡೂ ಅಲ್ಲ. ಅದೊಂದು ಪ್ರಾಣಿ. ಬಂಡೆಗೆ ಅಂಟಿಕೊಂಡು ಒಂದೇ ಕಡೆ ಇರುತ್ತೆ, ನೋಡೋಕೆ ಗಿಡದ ಹಾಗೆ, ಕೆಲವೊಮ್ಮೆ ಬಣ್ಣದ ಗೋಡೆ ಗಾರೆಯ ಹಾಗೆ ಕಾಣುತ್ತೆ. ಆದರೂ ಪ್ರಾಣಿಯೇ. ಭೂಮಿಯ ಮೇಲಿನ ಅತಿ ಹಳೆಯ ಪ್ರಾಣಿ ವಂಶಗಳಲ್ಲಿ ಒಂದು.

ಅದಕ್ಕೆ ಮೆದುಳಿಲ್ಲ, ಹೃದಯ ಇಲ್ಲ, ಹೊಟ್ಟೆ ಅಂತ ಪ್ರತ್ಯೇಕವಾಗಿ ಒಂದಿಲ್ಲ. ಮೈತುಂಬ ತೂತು. ತೂತುಗಳಿಂದ ನೀರನ್ನು ಒಳಗೆಳೆದು, ಅದರಲ್ಲಿರುವ ಬ್ಯಾಕ್ಟೀರಿಯಾ ಮತ್ತು ಸಣ್ಣ ಕಣಗಳನ್ನು ಸೋಸಿ ತಿಂದು, ಮಿಕ್ಕ ನೀರನ್ನು ಹೊರಗೆ ಬಿಡುತ್ತೆ. ಒಂದು ದಿನಕ್ಕೆ ತನ್ನ ಗಾತ್ರದ ಸಾವಿರಾರು ಪಟ್ಟು ನೀರನ್ನು ಹೀಗೆ ಸೋಸುತ್ತೆ. ಜಗತ್ತಿನಲ್ಲಿ ಈವರೆಗೆ ಹೆಸರಿಟ್ಟ ಜಾತಿಗಳೇ 9,000ಕ್ಕೂ ಹೆಚ್ಚು.

ಈಗ ಯೋಚನೆ ಮಾಡಿ. ಓಡೋಕೆ ಕಾಲಿಲ್ಲ, ಕಚ್ಚೋಕೆ ಹಲ್ಲಿಲ್ಲ, ಅಡಗೋಕೆ ಚಿಪ್ಪಿಲ್ಲ. ಸುತ್ತ ಮೀನು, ಆಮೆ, ಏಡಿ. ಪಕ್ಕದ ಸೈಟು ಒತ್ತುವರಿ ಮಾಡೋಕೆ ಕಾಯ್ತಾ ಇರುವ ಹವಳ, ಇನ್ನೊಂದು ಸ್ಪಂಜು. ದಿನವಿಡೀ ಕುಡಿಯುವ ನೀರಿನ ತುಂಬ ರೋಗಾಣು. ಇಂಥ ಜಾಗದಲ್ಲಿ ಕೋಟ್ಯಂತರ ವರ್ಷ ಬದುಕಿ ಉಳಿದಿದೆ ಅಂದರೆ ಅದರ ಬಳಿ ಆಯುಧ ಇರಲೇಬೇಕು. ಆ ಆಯುಧ ರಸಾಯನ. ತಿಂದವರಿಗೆ ವಿಷ, ಪಕ್ಕದಲ್ಲಿ ಬೆಳೆಯೋಕೆ ಬಂದವರ ಜೀವಕೋಶಗಳು ಒಡೆದು ಎರಡಾಗದ ಹಾಗೆ ತಡೆ. ಕ್ಯಾನ್ಸರ್ ಔಷಧಿ ಹುಡುಕುವವರಿಗೆ ಬೇಕಾದದ್ದೂ ಅದೇ: ಜೀವಕೋಶ ಎರಡಾಗುವುದನ್ನು ತಡೆಯುವ ವಸ್ತು. ನೆಲದ ಗಿಡಗಳನ್ನು ಸಾವಿರಾರು ವರ್ಷದಿಂದ ಮನುಷ್ಯ ಅಗಿದು, ಅರೆದು, ಕಷಾಯ ಮಾಡಿ ನೋಡಿದ್ದಾನೆ. ಕಡಲ ತಳದ ಈ ಅಂಗಡಿಯ ಬಾಗಿಲು ಸರಿಯಾಗಿ ತೆರೆದದ್ದು 20ನೇ ಶತಮಾನದ ನಡುವೆ.

ಮೊದಲ ಕಥೆ: ತಿರುಗಿ ನಿಂತ ಒಂದು ಸಕ್ಕರೆ

1945. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿ ವರ್ನರ್ ಬರ್ಗ್‌ಮನ್ ಫ್ಲಾರಿಡಾದ ಎಲಿಯಟ್ ಕೀ ದ್ವೀಪದ ಹತ್ತಿರದ ಸಮುದ್ರದಿಂದ ಒಂದು ಸ್ಪಂಜನ್ನು ತಂದರು. ಅದನ್ನು ಅಸಿಟೋನಿನಲ್ಲಿ ಕುದಿಸಿದಾಗ ಹರಳಿನಂಥ ಪುಡಿ ಸಿಕ್ಕಿತು. 1950ರ ಹೊತ್ತಿಗೆ ಅವರು ಮತ್ತು ರಾಬರ್ಟ್ ಫೀನಿ ಅದರಲ್ಲಿದ್ದ ವಸ್ತುಗಳನ್ನು ಗುರುತಿಸಿದರು. ಡಿಎನ್‌ಎ, ಆರ್‌ಎನ್‌ಎ ಕಟ್ಟೋಕೆ ನಮ್ಮ ದೇಹ ಬಳಸುವ ಇಟ್ಟಿಗೆಗಳಿವೆಯಲ್ಲ, ನ್ಯೂಕ್ಲಿಯೊಸೈಡ್ ಅಂತಾರೆ, ಇವು ಅಂಥವೇ. ಆದರೆ ಒಂದು ಸಣ್ಣ ವ್ಯತ್ಯಾಸ ಇತ್ತು.

ನಮ್ಮ ಇಟ್ಟಿಗೆಗಳ ಜೊತೆ ಒಂದು ಸಕ್ಕರೆ ಅಂಟಿಕೊಂಡಿರುತ್ತೆ: ರೈಬೋಸ್, ಇಲ್ಲವೇ ಅದರ ತಮ್ಮ ಡಿಆಕ್ಸಿರೈಬೋಸ್. ಸ್ಪಂಜಿನ ಇಟ್ಟಿಗೆಯಲ್ಲಿ ಇದ್ದದ್ದು ಅರಾಬಿನೋಸ್. ಅದೂ ರೈಬೋಸಿನ ಹಾಗೇ ಇರುವ ಸಕ್ಕರೆ, ಒಂದೇ ಒಂದು ಕಡೆ ಆಮ್ಲಜನಕ-ಜಲಜನಕದ ಜೋಡಿ ಕೆಳಮುಖವಾಗಿ ಇರಬೇಕಾದದ್ದು ಮೇಲ್ಮುಖವಾಗಿ ತಿರುಗಿ ನಿಂತಿದೆ. ಅಷ್ಟೇ. ಪ್ರಕೃತಿಯಲ್ಲಿ ಇಂಥ ಇಟ್ಟಿಗೆ ಇರಬಹುದು ಅಂತ ಆವರೆಗೆ ಯಾರೂ ಅಂದುಕೊಂಡಿರಲಿಲ್ಲ.

ಇದರಿಂದ ಏನಾಗುತ್ತೆ? ನಮ್ಮ ಭಾಷೆಯಲ್ಲಿ ಹೇಳ್ತೀನಿ. ಜೀವಕೋಶ ಎರಡಾಗುವ ಮೊದಲು ತನ್ನ ಡಿಎನ್‌ಎಯನ್ನು ಪೂರ್ತಿ ಕಾಪಿ ಮಾಡಬೇಕು. ಕಾಪಿ ಮಾಡುವ ಕಿಣ್ವ ಒಂದೊಂದೇ ಅಕ್ಷರ ಎತ್ತಿಕೊಂಡು ಜೋಡಿಸ್ತಾ ಹೋಗುತ್ತೆ. ಅರಾಬಿನೋಸ್ ಇರುವ ಅಕ್ಷರ ಬಂದಾಗ ಅದಕ್ಕೆ ವ್ಯತ್ಯಾಸ ಗೊತ್ತಾಗಲ್ಲ. ಟೈಪ್ ಚೆಕ್ ಪಾಸ್ ಆಯ್ತು, ಒಳಗೆ ಬಂತು. ಮುಂದಿನ ಅಕ್ಷರ ಜೋಡಿಸೋಕೆ ಹೋದಾಗ ಕೊಂಡಿ ಸರಿಯಾಗಿ ಕೂರಲ್ಲ. ಕಾಪಿ ಅಲ್ಲಿಗೇ ಸಿಕ್ಕಿಹಾಕಿಕೊಳ್ಳುತ್ತೆ. ಅರ್ಧ ಕಾಪಿ ಆದ ಡಿಎನ್‌ಎ ಇಟ್ಟುಕೊಂಡ ಜೀವಕೋಶ ಕೊನೆಗೆ ಸಾಯುತ್ತೆ. ಎಷ್ಟು ವೇಗವಾಗಿ ಕಾಪಿ ಮಾಡುವ ಜೀವಕೋಶವೋ ಅಷ್ಟು ಬೇಗ ಬಲೆಗೆ ಬೀಳುತ್ತೆ. ಲುಕೇಮಿಯದ ಜೀವಕೋಶಗಳು ಹೀಗೆ ಬೀಳ್ತವೆ.

ಇಲ್ಲೊಂದು ಮುಖ್ಯ ಮಾತಿದೆ, ಫಾರ್ವರ್ಡ್‌ಗಳಲ್ಲಿ ಇದು ಇರಲ್ಲ. ಬರ್ಗ್‌ಮನ್ ಸ್ಪಂಜಿನಲ್ಲಿ ಕಂಡ ವಸ್ತುಗಳು ಔಷಧಿ ಆಗಲಿಲ್ಲ. ಅವು ಕೊಟ್ಟದ್ದು ಒಂದು ಸುಳಿವು: ಸಕ್ಕರೆಯನ್ನು ತಿರುಗಿಸಿದರೆ ಡಿಎನ್‌ಎ ಕಟ್ಟುವ ಯಂತ್ರವನ್ನು ಏಮಾರಿಸಬಹುದು. ಆ ಸುಳಿವು ಹಿಡಿದು ರಸಾಯನ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ತಾವೇ ಹೊಸ ಅಣುಗಳನ್ನು ಕಟ್ಟಿದರು. 1959ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಕಟ್ಟಿದ ಅಂಥ ಒಂದು ಅಣುವೇ ಸೈಟರಾಬಿನ್. 1969ರಲ್ಲಿ ಅಮೆರಿಕದ ಎಫ್‌ಡಿಎ ಅದಕ್ಕೆ ಒಪ್ಪಿಗೆ ಕೊಟ್ಟಿತು. ಅದೇ ಕುಟುಂಬದ ವಿಡರಾಬಿನ್ ವೈರಸ್ ವಿರುದ್ಧದ ಔಷಧಿಯಾಗಿ 1976ರಲ್ಲಿ ಬಂತು. ಫ್ಲುಡರಾಬಿನ್ 1991ರಲ್ಲಿ, ನೆಲರಾಬಿನ್ 2005ರಲ್ಲಿ. ಹೆಸರಿನ ಕೊನೆ ನೋಡಿ, ಎಲ್ಲದರಲ್ಲೂ "ರಾಬಿನ್" ಇದೆ. ಅದು ಆ ಅರಾಬಿನೋಸ್ ಸಕ್ಕರೆಯ ಗುರುತು.

ಅಕ್ಯೂಟ್ ಮೈಲಾಯ್ಡ್ ಲುಕೇಮಿಯ, ಅಂದರೆ ಎಎಂಎಲ್ ಅನ್ನುವ ರಕ್ತದ ಕ್ಯಾನ್ಸರಿಗೆ 1970ರ ದಶಕದಿಂದ ಇವತ್ತಿನವರೆಗೂ ಕೊಡ್ತಿರುವ ಮೊದಲ ಸುತ್ತಿನ ಚಿಕಿತ್ಸೆಗೆ "7+3" ಅಂತ ಹೆಸರು. ಏಳು ದಿನ ಬಿಡದೆ ಸೈಟರಾಬಿನ್ ಡ್ರಿಪ್, ಜೊತೆಗೆ ಮೂರು ದಿನ ಇನ್ನೊಂದು ಔಷಧಿ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಸೈಟರಾಬಿನ್ ಇದೆ, ನಮ್ಮ ದೇಶದ ಪಟ್ಟಿಯಲ್ಲೂ ಇದೆ. ನಮ್ಮ ಕಂಪನಿಗಳು ಅದನ್ನು ಫ್ಯಾಕ್ಟರಿಯಲ್ಲೇ ತಯಾರಿಸ್ತವೆ. ಒಂದು ಬಾಟಲಿಗೂ ಸ್ಪಂಜು ಬೇಕಾಗಿಲ್ಲ.

ಎರಡನೇ ಕಥೆ: 600 ಕಿಲೋಗೆ ಅರ್ಧ ಅಕ್ಕಿಕಾಳು

ಸೈಟರಾಬಿನ್ ಚಿಕ್ಕ ಅಣು, ಕಟ್ಟೋದು ಸುಲಭ. ಎಲ್ಲ ಸ್ಪಂಜುಗಳೂ ಹೀಗೆ ಉದಾರಿಗಳಲ್ಲ.

1980ರ ದಶಕದಲ್ಲಿ ಜಪಾನಿನ ಹಿರಾತಾ ಮತ್ತು ಉಎಮುರಾ ಅನ್ನುವ ವಿಜ್ಞಾನಿಗಳು ಹಾಲಿಕಾಂಡ್ರಿಯ ಒಕಡಾಯ್ ಅನ್ನುವ ಕಪ್ಪು ಸ್ಪಂಜಿನ ಬೆನ್ನು ಹತ್ತಿದರು. 600 ಕಿಲೋ ಸ್ಪಂಜು ತಂದು ಸೋಸಿದರು. ಅದರಲ್ಲಿದ್ದ ಹಾಲಿಕಾಂಡ್ರಿನ್-ಬಿ ಅನ್ನುವ ಅಣು ಕ್ಯಾನ್ಸರ್ ಜೀವಕೋಶಗಳನ್ನು ಭಯಂಕರವಾಗಿ ಕೊಲ್ತಿತ್ತು. ಕೈಗೆ ಸಿಕ್ಕಿದ್ದು ಎಷ್ಟು ಗೊತ್ತಾ? 12.5 ಮಿಲಿಗ್ರಾಂ. ಒಂದು ಅಕ್ಕಿಕಾಳಿನ ಸುಮಾರು ಅರ್ಧ ತೂಕ.

1991ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯವರು ಅದು ಹೇಗೆ ಕೆಲಸ ಮಾಡುತ್ತೆ ಅಂತ ಕಂಡುಕೊಂಡರು. ಕಂಡುಕೊಂಡ ರೀತಿ ನಿಮಗೆ ಇಷ್ಟ ಆಗಬಹುದು. ಅವರ ಹತ್ತಿರ 60 ಬಗೆಯ ಮಾನವ ಕ್ಯಾನ್ಸರ್ ಜೀವಕೋಶಗಳ ಒಂದು ಸೆಟ್ ಇದೆ. ಹೊಸ ವಸ್ತುವನ್ನು ಅರವತ್ತರ ಮೇಲೂ ಹಾಕಿ, ಯಾವುದು ಎಷ್ಟು ಬಗ್ಗಿತು ಅಂತ ಅಳೀತಾರೆ. ಪ್ರತಿ ವಸ್ತುವಿಗೂ ಒಂದು ಬೆರಳಚ್ಚು ಸಿಕ್ಕ ಹಾಗೆ. ಕಂಪ್ಯೂಟರು ಆ ಬೆರಳಚ್ಚನ್ನು ಹಳೆಯ ಔಷಧಿಗಳ ಬೆರಳಚ್ಚಿನ ಜೊತೆ ತಾಳೆ ನೋಡುತ್ತೆ. ಹಾಲಿಕಾಂಡ್ರಿನ್-ಬಿ ತಾಳೆಯಾದದ್ದು ಟ್ಯೂಬುಲಿನ್ ಅನ್ನುವ ಪ್ರೋಟೀನನ್ನು ಹಿಡಿಯುವ ಔಷಧಿಗಳ ಜೊತೆ. ಜೀವಕೋಶ ಒಡೆಯುವಾಗ ವರ್ಣತಂತುಗಳನ್ನು ಎರಡೂ ಕಡೆಗೆ ಎಳೆಯೋಕೆ ಹಗ್ಗದ ಹಾಗೆ ಸೂಕ್ಷ್ಮ ನಳಿಕೆಗಳು ಬೇಕು. ಆ ಹಗ್ಗ ಹೊಸೆಯೋದು ಟ್ಯೂಬುಲಿನ್‌ನಿಂದ. ಈ ಅಣು ಹೊಸೆಯುವ ತುದಿಯನ್ನೇ ಹಿಡಿದು ನಿಲ್ಲಿಸುತ್ತೆ.

ಕೆಲಸವೇನೋ ಗೊತ್ತಾಯ್ತು, ಮಾಲು ಎಲ್ಲಿಂದ ತರೋದು? ನ್ಯೂಜಿಲೆಂಡಿನ ಆಳ ಸಮುದ್ರದಲ್ಲಿ ಅದೇ ಬಗೆಯ ಅಣು ಇರುವ ಇನ್ನೊಂದು ಸ್ಪಂಜು ಸಿಕ್ಕಿತು. ಅಲ್ಲಿಂದ ಒಂದು ಟನ್ ಎತ್ತಿದರು. ದಕ್ಕಿದ್ದು ಸುಮಾರು 300 ಮಿಲಿಗ್ರಾಂ. ಲಕ್ಷಾಂತರ ರೋಗಿಗಳಿಗೆ ಹೀಗೆ ಔಷಧಿ ಕೊಡೋಕೆ ಹೊರಟರೆ ಕಡಲ ತಳವನ್ನೇ ಕೆರೆದು ಬರಿದು ಮಾಡಬೇಕು. ಸ್ಪಂಜು ಒಂದು ಮಳೆಗಾಲಕ್ಕೆ ಚಿಗುರುವ ಹುಲ್ಲಲ್ಲ.

ಇಲ್ಲಿ ಹಾರ್ವರ್ಡ್‌ನ ಯೋಶಿತೊ ಕಿಶಿ ಬರ್ತಾರೆ. 1992ರಲ್ಲಿ ಅವರ ತಂಡ ಈ ದೈತ್ಯ ಅಣುವನ್ನು ಪ್ರಯೋಗಾಲಯದಲ್ಲಿ ಪೂರ್ತಿ ಕಟ್ಟಿ ತೋರಿಸಿತು. ಕಟ್ಟುವಾಗ ನಡುನಡುವೆ ಸಿಕ್ಕ ತುಂಡುಗಳನ್ನೂ ಪರೀಕ್ಷೆಗೆ ಹಾಕಿದರು. ಆಗ ಗೊತ್ತಾಯ್ತು: ಕೊಲ್ಲುವ ಶಕ್ತಿ ಇರೋದು ಅಣುವಿನ ಬಲ ಅರ್ಧದಲ್ಲಿ. ಎಡ ಅರ್ಧ ಇಲ್ಲದಿದ್ದರೂ ನಡೆಯುತ್ತೆ! ಜಪಾನಿನ ಎಯ್ಸಾಯ್ ಕಂಪನಿ ಆ ಅರ್ಧವನ್ನು ಹಿಡಿದು, ತಿದ್ದಿ ತೀಡಿ, ಎರಿಬುಲಿನ್ ಅನ್ನುವ ಔಷಧಿ ಮಾಡಿತು. ಅರ್ಧ ಅಂದರೂ ಅದನ್ನು ಕಟ್ಟೋಕೆ 60ಕ್ಕೂ ಹೆಚ್ಚು ಹಂತ ಬೇಕು. 2010ರ ನವೆಂಬರಿನಲ್ಲಿ, ಬೇರೆ ಚಿಕಿತ್ಸೆಗಳಿಗೆ ಬಗ್ಗದೆ ಹರಡಿದ ಸ್ತನ ಕ್ಯಾನ್ಸರಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಅದರ ಮುಖ್ಯ ಟ್ರಯಲ್‌ನಲ್ಲಿ 762 ಮಹಿಳೆಯರಿದ್ದರು. ಎರಿಬುಲಿನ್ ಪಡೆದವರ ಮಧ್ಯಮ ಜೀವಿತಾವಧಿ 13.1 ತಿಂಗಳು, ವೈದ್ಯರು ಆಯ್ದ ಬೇರೆ ಚಿಕಿತ್ಸೆ ಪಡೆದವರದ್ದು 10.6 ತಿಂಗಳು. ವ್ಯತ್ಯಾಸ ಎರಡೂವರೆ ತಿಂಗಳು. 600 ಕಿಲೋ ಸ್ಪಂಜು, ಎರಡು ದಶಕಕ್ಕೂ ಮೀರಿದ ಕೆಲಸ, ಕೊನೆಗೆ ಎರಡೂವರೆ ತಿಂಗಳು. ಕಡಿಮೆ ಅನಿಸುತ್ತಾ? ಬೇರೆ ಔಷಧಿಗಳೆಲ್ಲ ಸೋತ ಮೇಲಿನ ಎರಡೂವರೆ ತಿಂಗಳು ಅದು. ಮನೆಯಲ್ಲಿ ಇಂಥ ಕಾಯಿಲೆ ಕಂಡವರಿಗೆ ಅದರ ಬೆಲೆ ಗೊತ್ತು. "ಕ್ಯಾನ್ಸರ್ ಮಂಗಮಾಯ" ಅಂತ ಬರೆದು ಕಳಿಸುವವರಿಗೂ ಈ ಸಂಖ್ಯೆ ಗೊತ್ತಿದ್ದರೆ ಚೆನ್ನಾಗಿತ್ತು.

ಇನ್ನು ಸೋತವುಗಳ ಕಥೆ. 1990ರಲ್ಲಿ ಬಹಾಮಾಸ್ ಕಡಲಿನ ಒಂದು ಸ್ಪಂಜಿನಿಂದ ಡಿಸ್ಕೊಡರ್ಮೊಲೈಡ್ ಅನ್ನುವ ಅಣು ಬಂತು. ತುಂಬ ಭರವಸೆ ಇತ್ತು. ನೊವಾರ್ಟಿಸ್ ಕಂಪನಿ ಮಾನವರ ಮೇಲಿನ ಪರೀಕ್ಷೆಗಾಗಿ ಅದನ್ನು 60 ಗ್ರಾಂನಷ್ಟು ಕಟ್ಟಿತು, ರಸಾಯನ ಶಾಸ್ತ್ರದಲ್ಲಿ ಅದೇ ಒಂದು ಸಾಹಸ. ಮೊದಲ ಹಂತದ ಟ್ರಯಲ್‌ನಲ್ಲೇ ರೋಗಿಗಳ ಶ್ವಾಸಕೋಶಕ್ಕೆ ತೊಂದರೆ ಕಂಡಿತು, ನಿಲ್ಲಿಸಿದರು. ತಟ್ಟೆಯಲ್ಲಿ ಕ್ಯಾನ್ಸರ್ ಜೀವಕೋಶ ಕೊಂದ ವಸ್ತು ಮನುಷ್ಯನಿಗೂ ಸುರಕ್ಷಿತ ಅಂತ ಹೇಳೋಕೆ ಬರಲ್ಲ ಅನ್ನೋದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಅಡುಗೆ ಮಾಡೋದು ಯಾರು?

ಈ ವಸ್ತುಗಳನ್ನು ಸ್ಪಂಜೇ ತಯಾರಿಸುತ್ತಾ? ಬಹಳ ಕಾಲ ಹಾಗೇ ಅಂದುಕೊಂಡಿದ್ದರು. ಆದರೆ ಸ್ಪಂಜು ಅಂದರೆ ಒಬ್ಬನೇ ಇರುವ ಮನೆಯಲ್ಲ, ಪಿಜಿ ಇದ್ದ ಹಾಗೆ. ಕೆಲವು ಜಾತಿಗಳಲ್ಲಿ ದೇಹದ ಮೂರನೇ ಒಂದು ಪಾಲಿಗೂ ಹೆಚ್ಚು ಬರೀ ಬ್ಯಾಕ್ಟೀರಿಯಾ.

2004ರಲ್ಲಿ ಜರ್ಮನಿಯ ಯೋರ್ನ್ ಪೀಲ್ ಮತ್ತು ಜೊತೆಗಾರರು ಥಿಯೋನೆಲ್ಲ ಅನ್ನುವ ಸ್ಪಂಜಿನ ಡಿಎನ್‌ಎ ತೆಗೆದು ನೋಡಿದರು. ಅದರ ಪ್ರಸಿದ್ಧ ಕ್ಯಾನ್ಸರ್-ವಿರೋಧಿ ವಸ್ತುವೊಂದನ್ನು ತಯಾರಿಸುವ ಜೀನ್‌ಗಳು ಸ್ಪಂಜಿನದ್ದಲ್ಲ, ಒಳಗಿರುವ ಬ್ಯಾಕ್ಟೀರಿಯಾದ್ದು ಅಂತ ಗೊತ್ತಾಯ್ತು. 2014ರಲ್ಲಿ ಅದೇ ತಂಡ ಆ ಅಡುಗೆಯವನ ಹೆಸರನ್ನೂ ಹೇಳಿತು: ಎಂಟೋಥಿಯೋನೆಲ್ಲ. ಆ ಸ್ಪಂಜಿನಲ್ಲಿ ಸಿಕ್ಕಿದ್ದ ಹತ್ತಾರು ವಸ್ತುಗಳಲ್ಲಿ ಹೆಚ್ಚಿನವು ಈ ಒಂದು ಗುಂಪಿನ ಬ್ಯಾಕ್ಟೀರಿಯಾದ ಕೈಚಳಕ.

ಇದು ಇಡೀ ಆಟವನ್ನೇ ಬದಲಿಸುವ ವಿಷಯ. ಅಡುಗೆ ಮಾಡೋದು ಬ್ಯಾಕ್ಟೀರಿಯಾ ಅಂತಾದರೆ, ಅದರ ಜೀನ್‌ಗಳನ್ನು ಓದಿ, ಪ್ರಯೋಗಾಲಯದಲ್ಲಿ ಸಾಕಲು ಬರುವ ಬೇರೆ ಬ್ಯಾಕ್ಟೀರಿಯಾದೊಳಗೆ ಹಾಕಿ, ಅದೇ ವಸ್ತುವನ್ನು ಟ್ಯಾಂಕಿನಲ್ಲಿ ಬೆಳೆಸಬಹುದು. ತತ್ವದಲ್ಲಿ ಸರಿ, ಮಾಡೋಕೆ ಇನ್ನೂ ಕಷ್ಟ. ಈ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಸ್ಪಂಜು ಬಿಟ್ಟು ಹೊರಗೆ ಬದುಕಲ್ಲ. ಅವುಗಳ ಜೀನ್‌ಗಳು ಉದ್ದುದ್ದ, ಬೇರೆ ಜೀವಿಯೊಳಗೆ ಹಾಕಿದರೆ ಎಷ್ಟೋ ಸಲ ಓಡಲ್ಲ. ಲೆಗಸಿ ಕೋಡನ್ನು ಹೊಸ ಸರ್ವರಿಗೆ ಸಾಗಿಸಿದವರಿಗೆ ಈ ನೋವು ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಹುಡುಕಾಟದ ಮೊದಲ ಹೆಜ್ಜೆ ಈಗ ಕಂಪ್ಯೂಟರಿನ ಮುಂದೆ ನಡೆಯುತ್ತೆ. ಒಂದು ಬೆರಳಿನಷ್ಟು ಸ್ಪಂಜು ಸಾಕು. ಅದರಲ್ಲಿರುವ ಎಲ್ಲ ಜೀವಿಗಳ ಡಿಎನ್‌ಎಯನ್ನು ಒಟ್ಟಿಗೆ ಓದಿ, ಚೂರುಗಳನ್ನು ಜೋಡಿಸಿ, ಔಷಧಿಯಂಥ ಅಣು ಕಟ್ಟುವ ಜೀನ್ ಗುಂಪುಗಳು ಎಲ್ಲಿವೆ ಅಂತ ಸಾಫ್ಟ್‌ವೇರ್ ಹುಡುಕುತ್ತೆ. 2011ರಲ್ಲಿ ಬಂದ ಆಂಟಿಸ್ಮ್ಯಾಶ್ ಅನ್ನುವ ಓಪನ್ ಸೋರ್ಸ್ ಸಾಧನ ಇದಕ್ಕೇ ಇರೋದು. ಟನ್‌ಗಟ್ಟಲೆ ಸ್ಪಂಜು ಎತ್ತಿ ಆಮೇಲೆ ನೋಡೋಣ ಅನ್ನೋ ಕಾಲ ಹೋಯ್ತು.

ಫರೀದಾಬಾದು ಎಲ್ಲಿ ಬರುತ್ತೆ?

ಈಗ ನಮ್ಮೂರಿಗೆ ಬರೋಣ. ಫರೀದಾಬಾದ್-ಗುರುಗ್ರಾಮ ರಸ್ತೆಯಲ್ಲಿ ಓಡಾಡುವವರು ಎನ್‌ಸಿಆರ್ ಬಯೊಟೆಕ್ ಸೈನ್ಸ್ ಕ್ಲಸ್ಟರ್ ಅನ್ನುವ ಬೋರ್ಡನ್ನು ನೋಡಿರ್ತೀರಿ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಎರಡು ಸಂಸ್ಥೆಗಳು ಅಲ್ಲಿವೆ. ಒಂದು ಪ್ರಾದೇಶಿಕ ಜೈವಿಕ ತಂತ್ರಜ್ಞಾನ ಕೇಂದ್ರ, ಅಂದರೆ ಆರ್‌ಸಿಬಿ. 2022ರ ನವೆಂಬರಿನಲ್ಲಿ ಅಲ್ಲಿ ಭಾರತೀಯ ಜೈವಿಕ ದತ್ತಾಂಶ ಕೇಂದ್ರ ಶುರುವಾಯಿತು, ಜೀವವಿಜ್ಞಾನದ ಡೇಟಾಕ್ಕೆ ದೇಶದ ಮೊದಲ ರಾಷ್ಟ್ರೀಯ ಭಂಡಾರ. 4 ಪೆಟಾಬೈಟ್ ಸಂಗ್ರಹ, "ಬ್ರಹ್ಮ" ಅನ್ನುವ ಸೂಪರ್ ಕಂಪ್ಯೂಟರ್. ಸರ್ಕಾರಿ ದುಡ್ಡಿನಲ್ಲಿ ಓದಿದ ಜೀನೋಮ್‌ಗಳು ಇಲ್ಲಿ ಬಂದು ಕೂರಬೇಕು ಅನ್ನೋದು ಉದ್ದೇಶ. ಮೊದಲೆಲ್ಲ ನಮ್ಮವರು ಓದಿದ ಡಿಎನ್‌ಎಯನ್ನು ಅಮೆರಿಕದ, ಯುರೋಪಿನ ಭಂಡಾರಗಳಿಗೇ ಹಾಕಬೇಕಿತ್ತು. ಮನ್ನಾರ್ ಖಾರಿಯ ಸ್ಪಂಜೊಂದರ ಬ್ಯಾಕ್ಟೀರಿಯಾದ ಜೀನೋಮ್ ಓದಿದರೆ ಅದನ್ನು ಇಡೋಕೆ ಈಗ ಈ ಸಮುದ್ರವಿಲ್ಲದ ಊರಿನಲ್ಲಿ ಒಂದು ಕಪಾಟಿದೆ.

ಇನ್ನೊಂದು ಸಂಸ್ಥೆ ಟಿಎಚ್‌ಎಸ್‌ಟಿಐ. ಅದರ ಪೂರ್ತಿ ಹೆಸರಿನಲ್ಲಿ "ಟ್ರಾನ್ಸ್‌ಲೇಷನಲ್" ಅನ್ನುವ ಪದ ಇದೆ. ಟ್ರಾನ್ಸ್‌ಲೇಷನ್ ಅಂದರೆ ಅನುವಾದ. ಪ್ರಯೋಗಾಲಯದ ಭಾಷೆಯಲ್ಲಿ ಹೇಳಿದ ಮಾತನ್ನು ಆಸ್ಪತ್ರೆಯ ಭಾಷೆಗೆ ಅನುವಾದ ಮಾಡೋದು. ಒಂದು ವಸ್ತು ಪ್ರಾಣಿಯಲ್ಲಿ ಹೇಗೆ ವರ್ತಿಸುತ್ತೆ, ಎಷ್ಟು ಡೋಸಿಗೆ ವಿಷವಾಗುತ್ತೆ, ಮನುಷ್ಯನ ಮೇಲೆ ಪರೀಕ್ಷಿಸೋಕೆ ಯೋಗ್ಯವಾ, ಅಳತೆಗಳು ಬೇರೆ ಲ್ಯಾಬಿನಲ್ಲೂ ಅಷ್ಟೇ ಬರುತ್ತಾ, ಇಂಥವೆಲ್ಲ ಈ ಅನುವಾದದ ಕೆಲಸ. ಕೋವಿಡ್ ಕಾಲದಲ್ಲಿ ಲಸಿಕೆಗಳ ಪರಿಣಾಮ ಅಳೆಯುವ ಅಂತರರಾಷ್ಟ್ರೀಯ ಲ್ಯಾಬ್‌ಗಳ ಜಾಲಕ್ಕೆ ಈ ಸಂಸ್ಥೆಯೂ ಸೇರಿತ್ತು.

ನಾನು ಇದನ್ನು ಯಾಕೆ ಹೇಳ್ತಿದ್ದೀನಿ ಅಂದರೆ, ನಮ್ಮ ದೇಶದ ಸ್ಪಂಜಿನ ಕಥೆ ಸಿಕ್ಕಿಕೊಂಡಿರೋದು ಸರಿಯಾಗಿ ಈ ಅನುವಾದದ ಜಾಗದಲ್ಲಿ.

ನಮಗೆ ಕಡಲು ಕಡಿಮೆ ಇಲ್ಲ. ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಇರುವ ಸಿಎಂಎಫ್‌ಆರ್‌ಐಯ ವಿಜ್ಞಾನಿ ಪಿ.ಎ. ಥಾಮಸ್ ದಶಕಗಟ್ಟಲೆ ಕೂತು ಭಾರತದ ಸ್ಪಂಜುಗಳನ್ನು ಗುರುತಿಸಿ ಪಟ್ಟಿ ಮಾಡಿದರು. ಅವರ ಲೆಕ್ಕದಲ್ಲಿ 486 ಜಾತಿ, ಅದರಲ್ಲಿ 275 ಮನ್ನಾರ್ ಖಾರಿ ಮತ್ತು ಪಾಕ್ ಕೊಲ್ಲಿಯಲ್ಲೇ. ನಮ್ಮ ಕರ್ನಾಟಕದ ಕಡೆ ನೋಡಿದರೆ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ಆಚೆ ನೇತ್ರಾಣಿ ದ್ವೀಪ ಇದೆ. ರಜೆಯಲ್ಲಿ ಅಲ್ಲಿಗೆ ಸ್ಕೂಬಾ ಡೈವಿಂಗಿಗೆ ಹೋದವರು ನಿಮ್ಮಲ್ಲಿ ಇದ್ದೇ ಇರ್ತೀರಿ. ಮೀನಿನ ಫೋಟೊ ತೆಗೆಯುವಾಗ ಹಿಂದಿನ ಬಂಡೆಗೆ ಮೆತ್ತಿಕೊಂಡ ಕೇಸರಿ, ನೇರಳೆ ಬಣ್ಣದ ಪದರ ಕಂಡಿದ್ದರೆ, ಅದು ಸ್ಪಂಜು ಇರಬಹುದು.

ಹುಡುಕಾಟವೂ ಹೊಸದಲ್ಲ. 1990ರ ದಶಕದಿಂದಲೇ ಕೇಂದ್ರದ ಸಾಗರ ಅಭಿವೃದ್ಧಿ ಇಲಾಖೆ "ಸಮುದ್ರದಿಂದ ಔಷಧಿ" ಅನ್ನುವ ಯೋಜನೆ ನಡೆಸಿತು. ಮುಂದಾಳತ್ವ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯದ್ದು. ಅದೂ ಸಮುದ್ರ ಇಲ್ಲದ ಊರೇ ನೋಡಿ! ಗೋವಾದ ದೋನಾ ಪೌಲಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಸ್ಪಂಜುಗಳಿಂದ ಎಷ್ಟೋ ಅಣುಗಳನ್ನು ಬೇರ್ಪಡಿಸಿ ವರದಿ ಮಾಡಿದ್ದಾರೆ. ಪ್ರಬಂಧಗಳು ಬಂದಿವೆ, ಪಿಎಚ್‌ಡಿಗಳು ಆಗಿವೆ. ನಮ್ಮ ಕಡಲಿನ ಸ್ಪಂಜಿನಿಂದ ಹೊರಟು ಆಸ್ಪತ್ರೆ ತಲುಪಿದ ಔಷಧಿ ಮಾತ್ರ ಇನ್ನೂ ಇಲ್ಲ.

ವಿಚಿತ್ರ ನೋಡಿ: ದಾರಿಯ ಎರಡೂ ತುದಿ ನಮ್ಮಲ್ಲಿ ಗಟ್ಟಿ ಇವೆ. ಒಂದು ತುದಿಯಲ್ಲಿ ಕಡಲು, ಜಾತಿ ಗುರುತಿಸುವ ವಿದ್ವಾಂಸರು. ಇನ್ನೊಂದು ತುದಿಯಲ್ಲಿ ಜಗತ್ತಿಗೇ ಜೆನರಿಕ್ ಔಷಧಿ ಮಾರುವ ಕಾರ್ಖಾನೆಗಳು. ನಡುವೆ ಇರೋದು ಹತ್ತು-ಹದಿನೈದು ವರ್ಷದ ಸೊಪ್ಪೆ ಕೆಲಸ: ಅಣುವನ್ನು ಸಾಕಷ್ಟು ಕಟ್ಟೋದು, ತಿದ್ದೋದು, ವಿಷ ಪರೀಕ್ಷೆ, ಮೂರು ಹಂತದ ಟ್ರಯಲ್. ಅದರಲ್ಲಿ ಬಹುಪಾಲು ಸೋಲು. ಹಿರಾತಾ-ಉಎಮುರಾ ಇದ್ದರೂ ಅವರ ಹಿಂದೆ ಒಬ್ಬ ಕಿಶಿ, ಒಂದು ಕ್ಯಾನ್ಸರ್ ಸಂಸ್ಥೆ, ದುಡ್ಡು ಸುರಿದು ಕಾಯುವ ಒಂದು ಕಂಪನಿ ಇರದಿದ್ದರೆ ಆ 12.5 ಮಿಲಿಗ್ರಾಂ ಒಂದು ಪ್ರಬಂಧದಲ್ಲೇ ಮುಗೀತಿತ್ತು. ನಮ್ಮಲ್ಲಿ ಎಷ್ಟೋ ಅಣುಗಳು ಹಾಗೆ ಪ್ರಬಂಧದಲ್ಲೇ ಮಲಗಿವೆ.

ಇನ್ನೊಂದು ವಿಷಯ, ಮಾಲೀಕತ್ವ. ಯಾರೋ ಬಂದು ನಮ್ಮ ಕಡಲಿನ ಸ್ಪಂಜು ಒಯ್ದು ಔಷಧಿ ಮಾಡಿ ಕೋಟಿ ಗಳಿಸಿದರೆ? 2002ರ ಜೀವವೈವಿಧ್ಯ ಕಾಯ್ದೆ ಇದಕ್ಕಾಗಿ ಬಂತು. ವಿದೇಶಿ ಸಂಸ್ಥೆಗಳು ನಮ್ಮ ಜೀವಸಂಪತ್ತನ್ನು ಸಂಶೋಧನೆಗೆ ಒಯ್ಯಬೇಕಾದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಪೂರ್ವಾನುಮತಿ ಬೇಕು, ಲಾಭ ಬಂದರೆ ಹಂಚಬೇಕು. ಸರಿಯಾದ ಕಾಯ್ದೆಯೇ. ಆದರೆ ಸ್ಪಂಜು ಮುಟ್ಟದೆ, ಎಲ್ಲೋ ಇಟ್ಟಿರುವ ಅದರ ಡಿಎನ್‌ಎಯ ಫೈಲನ್ನು ಡೌನ್‌ಲೋಡ್ ಮಾಡಿಕೊಂಡು ಅಣು ಕಟ್ಟಿದರೆ ಅದು ಯಾರದ್ದು? ದೇಶದೇಶಗಳ ನಡುವೆ ಇದರ ಚರ್ಚೆ ಇನ್ನೂ ನಡೀತಿದೆ. ಡೇಟಾ ಎಲ್ಲಿ ಕೂತಿದೆ ಅನ್ನೋದು ನಿಮ್ಮ ಕಂಪನಿಗಳಿಗೆ ಎಷ್ಟು ಮುಖ್ಯವೋ ಇಲ್ಲೂ ಅಷ್ಟೇ ಮುಖ್ಯ.

"ಕೆಮಿಕಲ್ ಬೇಡ, ನ್ಯಾಚುರಲ್ ಸಾಕು"

ಕೊನೆಗೆ, ಈ ವಿಷಯ ಎತ್ತಿಕೊಳ್ಳೋಕೆ ನಿಜವಾದ ಕಾರಣ. ವೀಕ್ಷಕರೊಬ್ಬರು ಬರೆದಿದ್ದರು. ಅವರು ಇರೋದು ನೋಯ್ಡಾದಲ್ಲಿ, ಊರಿನಲ್ಲಿ ಅವರ ಚಿಕ್ಕಪ್ಪನಿಗೆ ಎಎಂಎಲ್. ಬೆಂಗಳೂರಿನಲ್ಲಿ ಮೊದಲ ಸುತ್ತು ಕೀಮೊ ಶುರುವಾಗಿತ್ತು. ಬಾಯಿ ಹುಣ್ಣು, ಜ್ವರ, ಕೂದಲು ಉದುರೋದು, ಎಲ್ಲ ಇತ್ತು. ಮನೆಯವರು ಹೆದರಿ, "ಈ ಕೆಮಿಕಲ್ ಬೇಡ, ಸಮುದ್ರದ ಸ್ಪಂಜಿನ ನ್ಯಾಚುರಲ್ ಮದ್ದು ಬಂದಿದೆಯಂತಲ್ಲ, ಅದನ್ನೇ ತರಿಸೋಣ" ಅಂತ ಒಂದು ಫಾರ್ವರ್ಡ್ ತೋರಿಸಿ ಹಟ ಹಿಡಿದಿದ್ದರಂತೆ. ಯಾರೋ ಆನ್‌ಲೈನಿನಲ್ಲಿ ಪುಡಿ ಮಾರ್ತಿದ್ದರು.

ಅವರಿಗೆ ನಾನು ಹೇಳಿದ್ದು ಇಷ್ಟೇ: ಚಿಕ್ಕಪ್ಪನ ಕೈಗೆ ಹಾಕಿರುವ ಡ್ರಿಪ್ ಬಾಟಲಿಯ ಮೇಲಿನ ಹೆಸರು ಓದಿ. ಸೈಟರಾಬಿನ್ ಅಂತಿದ್ದರೆ, ನೀವು ಹುಡುಕ್ತಿರೋ ಸ್ಪಂಜಿನ ಮದ್ದು ಆಗಲೇ ಒಳಗೆ ಹೋಗ್ತಾ ಇದೆ. ವ್ಯತ್ಯಾಸ ಏನು ಅಂದರೆ, ಅದು ಎಷ್ಟು ಮಿಲಿಗ್ರಾಂ, ಎಷ್ಟು ಗಂಟೆ, ರಕ್ತದ ಕಣ ಎಷ್ಟಕ್ಕೆ ಇಳಿದರೆ ಏನು ಮಾಡಬೇಕು ಅನ್ನೋದನ್ನು ಸಾವಿರಾರು ರೋಗಿಗಳಿಂದ ಕಲಿತ ಮೇಲೆ ಕೊಡ್ತಿರುವ ಮದ್ದು. ಪುಡಿಯ ಡಬ್ಬಿಯಲ್ಲಿ ಆ ಯಾವ ಲೆಕ್ಕವೂ ಇಲ್ಲ. ಬಾಯಿ ಹುಣ್ಣು ಯಾಕೆ ಅಂತ ನಿಮಗೀಗ ಗೊತ್ತು: ಬಾಯಿಯ ಒಳಪದರ, ಕೂದಲ ಬೇರು, ರಕ್ತದ ಮಜ್ಜೆ ಇವೆಲ್ಲ ವೇಗವಾಗಿ ಕಾಪಿ ಆಗುವ ಜೀವಕೋಶಗಳು, ಅವೂ ಅದೇ ಬಲೆಗೆ ಬೀಳ್ತವೆ. ಸ್ಪಂಜು ಆ ರಸಾಯನವನ್ನು ನಮ್ಮ ಆರೋಗ್ಯಕ್ಕಂತ ಮಾಡಿಟ್ಟಿದ್ದಲ್ಲ. ವಿಷವನ್ನು ಅಳತೆಗೆ ಕಟ್ಟಿ ಮದ್ದು ಮಾಡಿದ್ದು ಮನುಷ್ಯರು.

ಎಎಂಎಲ್ ಕಾಯುವ ಕಾಯಿಲೆ ಅಲ್ಲ, ವಾರಗಳ ಲೆಕ್ಕದಲ್ಲಿ ಬಿಗಡಾಯಿಸುತ್ತೆ. ನಡುವೆ ಚಿಕಿತ್ಸೆ ನಿಲ್ಲಿಸಿ ಪ್ರಯೋಗ ಮಾಡೋಕೆ ಸಮಯ ಇರಲ್ಲ. ತೊಂದರೆ ತಡೆಯೋಕೆ ಆಗದಿದ್ದರೆ ಅದನ್ನು ಹೇಳಬೇಕಾದದ್ದು ಅದೇ ವಾರ್ಡಿನ ಡಾಕ್ಟರ ಹತ್ತಿರ. ಬಾಯಿ ಹುಣ್ಣಿಗೂ, ಜ್ವರಕ್ಕೂ ಅವರ ಬಳಿ ಚಿಕಿತ್ಸೆ ಇದೆ.

ಹಾಗಾಗಿ ಮುಂದಿನ ಸಲ ಇಂಥ ಸುದ್ದಿ ಬಂದಾಗ ನಾಲ್ಕು ಪ್ರಶ್ನೆ ಕೇಳಿ. ಒಂದು, ಇದು ಕೆಲಸ ಮಾಡಿದ್ದು ಎಲ್ಲಿ: ತಟ್ಟೆಯಲ್ಲಿಟ್ಟ ಜೀವಕೋಶದಲ್ಲಾ, ಇಲಿಯಲ್ಲಾ, ಮನುಷ್ಯರಲ್ಲಾ? ಎರಡು, ಮನುಷ್ಯರಲ್ಲಿ ಅಂದರೆ ಎಷ್ಟು ಜನ, ಯಾವುದಕ್ಕೆ ಹೋಲಿಸಿ, ಎಷ್ಟು ವ್ಯತ್ಯಾಸ? ಮೂರು, ವಸ್ತುವನ್ನು ಬೇಕಾದಷ್ಟು ತಯಾರಿಸುವ ದಾರಿ ಗೊತ್ತಾಗಿದೆಯಾ? ನಾಲ್ಕು, ಯಾವ ದೇಶದ ಔಷಧ ನಿಯಂತ್ರಕರು ಒಪ್ಪಿಗೆ ಕೊಟ್ಟಿದ್ದಾರೆ, ಯಾವ ಕಾಯಿಲೆಗೆ? ಮೊದಲ ಪ್ರಶ್ನೆಗೆ "ತಟ್ಟೆಯಲ್ಲಿ" ಅನ್ನೋ ಉತ್ತರ ಬಂದರೆ, ಸುದ್ದಿ ಸುಳ್ಳು ಅಂತಲ್ಲ. ವಿಜ್ಞಾನಕ್ಕೆ ಅದು ಒಳ್ಳೆಯ ಸುದ್ದಿಯೇ. ಇವತ್ತು ಹಾಸಿಗೆಯಲ್ಲಿ ಮಲಗಿರುವವರಿಗೆ ಮಾತ್ರ ಅದು ಚಿಕಿತ್ಸೆ ಅಲ್ಲ.

ಈ ನಾಲ್ಕು ಪ್ರಶ್ನೆಗಳನ್ನು ಕನ್ನಡದಲ್ಲೇ ಬರೆದು ನಿಮ್ಮ ಫ್ಯಾಮಿಲಿ ಗ್ರೂಪಿಗೆ ಹಾಕಿ. ದೂರದ ಊರಿನಲ್ಲಿ ಕೂತಿರುವ ನಾವು ಆಸ್ಪತ್ರೆಯಲ್ಲಿ ರಾತ್ರಿ ಕೂರೋಕೆ ಆಗದಿರಬಹುದು, ಫೋನಿನಲ್ಲಿ ಇಷ್ಟನ್ನಾದರೂ ಬಿಡಿಸಿ ಹೇಳೋಕೆ ಆಗುತ್ತೆ. ನಿಮ್ಮ ಪ್ರಶ್ನೆ ಇದ್ದರೆ ಬರೆಯಿರಿ, ಗೊತ್ತಿರುವಷ್ಟು ಉತ್ತರ ಕೊಡ್ತೀನಿ. ಮುಂದಿನ ವಾರ ಇದೇ ಕಡಲಿನ ಇನ್ನೊಬ್ಬ ವಿಷಗಾರ, ಶಂಖದ ಹುಳು. ಅದರ ಕುಟುಕಿನಿಂದ ನೋವು ನಿವಾರಕ ಮಾಡಿದ್ದು ಹೇಗೆ ಅನ್ನೋದನ್ನು ನೋಡೋಣ.